ಜೀವ ಇದೆ ಅಂತೀರಲ್ಲ, ನೂಲು ತೋರಿಸಿ ಸ್ವಾಮಿ!

"ಡಿಜಿಟಲ್ಲಿಗೆ ಜೀವ ಇಲ್ಲ ಗುರು. ಮುಂದೆ ಒಂದು ಒಳ್ಳೇ ಅನಲಾಗ್ ಪೆಡಲ್ ಹಾಕು, ಆಮೇಲೆ ನೋಡು."

ಗಿಟಾರ್ ನುಡಿಸುವ ಹುಡುಗರ ನಡುವೆ ಈ ಮಾತು ಕಿವಿಗೆ ಬೀಳದ ವಾರವೇ ಇಲ್ಲ. ಹೇಳುವವರ ಮುಖದಲ್ಲಿ ಜಾತಕ ನೋಡಿ ದೋಷ ಕಂಡುಹಿಡಿದವರ ಗಾಂಭೀರ್ಯ. ದೋಷ ಇದ್ದ ಮೇಲೆ ಶಾಂತಿ ಮಾಡಿಸಬೇಕಲ್ಲ? ಶಾಂತಿಯ ಖರ್ಚು ಹತ್ತು ಸಾವಿರದಿಂದ ಶುರು! ಈ ಮಾತಿನ ಮೇಲೆ ನನಗೆ ತುಂಬಾ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೀನಿ.

ಗಿಟಾರಿನ ಸಹವಾಸ ಇಲ್ಲದವರಿಗೆ ಮೊದಲು ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿನ ಸದ್ದು ತನ್ನಷ್ಟಕ್ಕೆ ತಾನು ಬಹಳ ಸಪ್ಪೆ. ಅದಕ್ಕೆ ಉಪ್ಪು ಖಾರ ಹಾಕುವುದು ವಾಲ್ವ್ ಆಂಪ್ಲಿಫೈಯರು, ಸ್ಪೀಕರು ಮತ್ತು ಕಾಲಲ್ಲಿ ಒತ್ತುವ ಪೆಡಲ್ ಎಂಬ ಪುಟ್ಟ ಡಬ್ಬಿಗಳು. ಮಾಡೆಲರ್ ಅಂದರೆ ಈ ಇಡೀ ಸಂಸಾರವನ್ನು ಲೆಕ್ಕ ಹಾಕಿ ಅನುಕರಿಸುವ ಕಂಪ್ಯೂಟರು. ರೋಲ್ಯಾಂಡ್ ಕಂಪನಿಯ ವಿಜಿ-8 ಬಂದದ್ದು 1995ರಲ್ಲಿ, ಲೈನ್ 6ರವರ ಪಾಡ್ 1998ರಲ್ಲಿ, ಫ್ರ್ಯಾಕ್ಟಲ್‌ನ ಆಕ್ಸ್-ಎಫ್ಎಕ್ಸ್ 2006ರಲ್ಲಿ, ಹೀಲಿಕ್ಸ್ 2015ರಲ್ಲಿ. ಈಗಂತೂ ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶ ಪುಕ್ಕಟೆ ಸಿಗುತ್ತೆ.

ನಾನು ಬಳಸುವುದೂ ಮಾಡೆಲರನ್ನೇ. ಕಾರಣ ಸರಳ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ 50 ವಾಟಿನ ವಾಲ್ವ್ ಆಂಪ್ ಹಚ್ಚಿದರೆ ಓನರ್ರು ಮರುದಿನವೇ ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸ್ತಾರೆ, ಅದೂ ಪೇಂಟಿಂಗ್ ಖರ್ಚು ಮುರ್ಕೊಂಡು :-) ರಾತ್ರಿ ಹನ್ನೊಂದಕ್ಕೆ ಆಫೀಸಿನ ಕಾಲ್ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ನುಡಿಸೋಕೆ ನನ್ನಂಥವನಿಗೆ ಇನ್ನೇನು ದಾರಿ ಇದೆ ಹೇಳಿ.

ಇರಲಿ, ವಿಷಯಕ್ಕೆ ಬರೋಣ. 'ಜೀವ' ಅನ್ನುವ ಪದ ನಮ್ಮ ಸಂಗೀತದಲ್ಲೂ ಇದೆ. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಒಂದು ಎಳೆ ನೂಲು ಸೇರಿಸ್ತಾರೆ, ನೋಡಿರಬಹುದು. ಆ ನೂಲಿಗೆ ಜೀವ ಅಂತಲೇ ಹೆಸರು. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ತಂಬೂರಿ ಝೇಂಕರಿಸುತ್ತೆ, ತಪ್ಪಿದರೆ ಮಂಕಾಗುತ್ತೆ. ಅಂದರೆ ನಮ್ಮ ಹಿರಿಯರಿಗೆ ಜೀವ ಅನ್ನುವುದು ಬೆರಳಲ್ಲಿ ಮುಟ್ಟಿ ತೋರಿಸಬಹುದಾದ ವಸ್ತುವಾಗಿತ್ತು. ಎಳೆದರೆ ಬರುತ್ತೆ, ಬಿಟ್ಟರೆ ಹೋಗುತ್ತೆ, ಎದುರಿಗೆ ಕೂತವರಿಗೆ ಕೇಳಿಸುತ್ತೆ. ಪೆಡಲ್ ಪಂಡಿತರಿಗೆ ನನ್ನ ಪ್ರಶ್ನೆಯೂ ಇಷ್ಟೇ: ನಿಮ್ಮ ಡಬ್ಬಿಯಲ್ಲಿ ಆ ನೂಲು ಎಲ್ಲಿದೆ?

ಇಷ್ಟೊಂದು ಸಿಟ್ಟು ಯಾಕೆ ಅಂದರೆ, ನನ್ನ ಟೀಮಿನಲ್ಲೊಬ್ಬ ಹುಡುಗ ಇದ್ದಾನೆ, ಹಾಸನದ ಕಡೆಯವನು. ಕೆಲಸಕ್ಕೆ ಸೇರಿದ ಮೇಲೆ ದುಡ್ಡು ಕೂಡಿಟ್ಟು ಒಂದು ಮಾಡೆಲರ್ ತಗೊಂಡ. ದಿನಾ ರಾತ್ರಿ ಒಂದು ಗಂಟೆ ತಪ್ಪದೆ ನುಡಿಸುತ್ತಿದ್ದ, ಚೆನ್ನಾಗಿಯೇ ನುಡಿಸುತ್ತಿದ್ದ. ಅಷ್ಟರಲ್ಲಿ ಯಾವುದೋ ಅಂಗಡಿಯವನು ಇದೇ ಜೀವದ ಮಂತ್ರ ಊದಿದ. ಹುಡುಗ ಕಂತಿನ ಮೇಲೆ ನಾಲ್ಕು ಪೆಡಲ್ ತಂದ. ಒಂದು ಟ್ಯೂಬ್ ಸ್ಕ್ರೀಮರ್ ಜಾತಿಯ ಓವರ್‌ಡ್ರೈವ್, ಒಂದು ಅನಲಾಗ್ ಡಿಲೇ, ಒಂದು ದುಬಾರಿ ರಿವರ್ಬ್, ಒಂದು ಫಜ್. ಮೂರು ತಿಂಗಳಾದ ಮೇಲೆ ನೋಡಿದರೆ ಅವನು ನುಡಿಸುವುದು ಬಿಟ್ಟು ಬರೀ ಗುಬುಟು ತಿರುಗಿಸ್ತಾ ಕೂತಿದ್ದ. "ಅಣ್ಣಾ, ಇನ್ನೂ ಆ ಫೀಲ್ ಬರ್ತಿಲ್ಲ, ಆಂಪ್ ತಗೋಬೇಕೇನೋ" ಅಂದ. ಸರಿ, ನಾಲ್ಕೂ ಹೊತ್ತುಕೊಂಡು ಬಾರಪ್ಪ ಅಂದೆ. ಮೂರು ಭಾನುವಾರ ಕೂತು ಪರೀಕ್ಷೆ ಮಾಡಿದ್ವಿ.

ಪರೀಕ್ಷೆಯ ನಿಯಮ ಎರಡೇ. ಒಂದು, ಪೆಡಲಿನ ಸದ್ದೂ ಮಾಡೆಲರಿನೊಳಗಿನ ಅದೇ ಪೆಡಲಿನ ನಕಲೂ ಮೀಟರಿನಲ್ಲಿ ಸಮ ಇರಬೇಕು. ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, ಜೋರಾದದ್ದೇ ಕಿವಿಗೆ 'ಚೆನ್ನಾಗಿದೆ' ಅನ್ನಿಸುತ್ತೆ. ಅಂಗಡಿಗಳಲ್ಲಿ ನಡೆಯುವ ಅರ್ಧ ವ್ಯಾಪಾರದ ಗುಟ್ಟು ಇದೇ ಅಂತ ನನ್ನ ಗುಮಾನಿ. ಎರಡು, ನುಡಿಸುವವನು ಕಣ್ಣು ಮುಚ್ಚಿರಬೇಕು, ಇನ್ನೊಬ್ಬ ಸ್ವಿಚ್ ಒತ್ತಬೇಕು. ಸ್ವಿಚ್ಚಿನ 'ಟಕ್' ಗುಟ್ಟು ಬಿಟ್ಟುಕೊಡಬಾರದು ಅಂತ ಸುಮ್ಮನೆ ಒಂದೆರಡು ಸಲ ಹೆಚ್ಚಿಗೆ ಒತ್ತಿದ್ದೂ ಉಂಟು.

ಮೊದಲು ಟ್ಯೂಬ್ ಸ್ಕ್ರೀಮರ್. ಜಪಾನಿನಲ್ಲಿ 1979ರ ಸುಮಾರಿಗೆ ಐಬನೇಜ್ ಹೆಸರಲ್ಲಿ ಬಂದ ಟಿಎಸ್-808 ಇದರ ಮೂಲಪುರುಷ. ಹೆಸರಲ್ಲಿ ಟ್ಯೂಬ್ ಇದೆ, ಒಳಗೆ ಟ್ಯೂಬ್ ಇಲ್ಲ! ಇರುವುದು 4558 ಎಂಬ ಆಪ್-ಆಂಪ್ ಚಿಪ್, ಅದರ ಫೀಡ್‌ಬ್ಯಾಕ್ ದಾರಿಯಲ್ಲಿ ಒಂದೆರಡು ಡಯೋಡು, ಕೆಲವು ರೆಸಿಸ್ಟರು ಕೆಪಾಸಿಟರು. 4558 ಜಾತಿಯ ಚಿಪ್ ಎಸ್.ಪಿ. ರೋಡಿನಲ್ಲಿ ಕಾಫಿ ದುಡ್ಡಿಗೆ ಸಿಗುತ್ತೆ. 720 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಗೇನ್, ಮೇಲಿನದಕ್ಕೆ ಹೆಚ್ಚು. ಅದಕ್ಕೇ ಬೇಸ್ ಕಲಸುಮೇಲೋಗರ ಆಗದೆ ನಡುಸ್ವರಗಳು ಮುಂದೆ ಬರುತ್ತವೆ. ಇದು ಎಂಜಿನಿಯರಿಂಗ್ ಓದುವವರು ಮೂರನೇ ಸೆಮಿಸ್ಟರಿನಲ್ಲಿ ಬಿಡಿಸಬಹುದಾದ ಸರ್ಕ್ಯೂಟು. ಇದರ ಸಮೀಕರಣ ಬರೆಯಲು ಯಾವ ತಪಸ್ಸೂ ಬೇಡ. ಕಣ್ಣು ಮುಚ್ಚಿದಾಗ ನಮ್ಮಿಬ್ಬರ ಉತ್ತರಗಳೂ ನಾಣ್ಯ ಚಿಮ್ಮಿದ ಹಾಗೆ, ಅರ್ಧ ಸರಿ ಅರ್ಧ ತಪ್ಪು. ಇಲ್ಲಿ ನೂಲು ಇಲ್ಲ.

ಆಮೇಲೆ ರಿವರ್ಬ್. ಇದು ಇನ್ನೂ ತಮಾಷೆ. 'ಡಿಜಿಟಲ್ ರಿಗ್ಗಿಗೆ ಜೀವ ಬರಲಿ' ಅಂತ ಜನ ಕೊಳ್ಳುವ ದುಬಾರಿ ರಿವರ್ಬ್ ಪೆಡಲುಗಳೇ ಡಿಜಿಟಲ್! 2013ರಲ್ಲಿ ಬಂದ ಸ್ಟ್ರೈಮನ್ ಬಿಗ್‌ಸ್ಕೈ ತಗೊಳ್ಳಿ, ಅದರ ಹೊಟ್ಟೆಯಲ್ಲಿರುವುದು ಅನಲಾಗ್ ಡಿವೈಸಸ್ ಕಂಪನಿಯ ಶಾರ್ಕ್ ಎಂಬ ಡಿಜಿಟಲ್ ಚಿಪ್. ಹೀಲಿಕ್ಸ್‌ನ ಹೊಟ್ಟೆಯಲ್ಲೂ ಅದೇ ಶಾರ್ಕ್ ಕುಲ. ಚಿಪ್ಪಿನ ಕಂಪನಿಯ ಹೆಸರಲ್ಲಿ ಅನಲಾಗ್ ಇದೆ ಅನ್ನೋದು ಬಿಟ್ಟರೆ ಮತ್ತೇನೂ ಅನಲಾಗ್ ಇಲ್ಲ. ಅದು ಕೆಟ್ಟ ಪೆಡಲ್ ಅಂತ ನಾನು ಹೇಳ್ತಿಲ್ಲ, ಸೊಗಸಾದ ಪೆಡಲ್. ಅದರ ಅಲ್ಗಾರಿದಮ್ ನಿಮಗೆ ಇಷ್ಟವಾದರೆ ಧಾರಾಳವಾಗಿ ಕೊಳ್ಳಿ. ಆದರೆ ಒಂದು ಕಂಪ್ಯೂಟರಿಗೆ ಜೀವ ತುಂಬಲು ಇನ್ನೊಂದು ಕಂಪ್ಯೂಟರ್ ತಂದೆ ಅನ್ನಬೇಡಿ. ಬಾಸ್ ಕಂಪನಿ ಡಿಡಿ-2 ಎಂಬ ಡಿಜಿಟಲ್ ಡಿಲೇ ಪೆಡಲನ್ನು 1983ರಲ್ಲೇ ಹೊರತಂದಿತ್ತು. ನಾವಿನ್ನೂ ಹುಟ್ಟುವ ಮೊದಲೇ ಪೆಡಲುಗಳು ಡಿಜಿಟಲ್ ಆಗಿದ್ವು.

ಮೂರನೆಯದು ಅನಲಾಗ್ ಡಿಲೇ. ಇದು ನಿಜಕ್ಕೂ ಅನಲಾಗ್, ಒಪ್ಪಿದೆ. ಆದರೆ ಹೇಗೆ ಕೆಲಸ ಮಾಡುತ್ತೆ? ಫಿಲಿಪ್ಸ್ ಸಂಸ್ಥೆಯಲ್ಲಿ 1969ರಲ್ಲಿ ಹುಟ್ಟಿದ 'ಬಕೆಟ್ ಬ್ರಿಗೇಡ್' ಎಂಬ ಉಪಾಯ. ಬಾವಿಯಿಂದ ಅಡುಗೆಮನೆವರೆಗೆ ಜನ ಸಾಲಾಗಿ ನಿಂತು ಬಿಂದಿಗೆ ದಾಟಿಸ್ತಾರಲ್ಲ, ಹಾಗೆ. ಬಿಂದಿಗೆಯ ಬದಲು ಕೆಪಾಸಿಟರು, ನೀರಿನ ಬದಲು ವಿದ್ಯುದಂಶ. ದಾಟಿಸುವುದು ಕ್ಲಾಕ್ ಹೇಳಿದಾಗ. ಅಂದರೆ ಈ ಅನಲಾಗ್ ಡಬ್ಬಿಯೂ ಸದ್ದನ್ನು ಕಾಲದಲ್ಲಿ ತುಂಡು ತುಂಡು ಮಾಡಿಯೇ ಸಾಗಿಸುತ್ತೆ! ಕ್ಲಾಕಿನ ಗಲಾಟೆ ಕೇಳಿಸಬಾರದು ಅಂತ ಫಿಲ್ಟರ್ ಹಾಕಿ ಮೇಲಿನ ಸ್ವರಗಳನ್ನು ಕತ್ತರಿಸ್ತಾರೆ. ಜನ ಕೊಂಡಾಡುವ ಆ ಬೆಚ್ಚನೆಯ ಮಬ್ಬು ಮುಖ್ಯವಾಗಿ ಈ ಫಿಲ್ಟರಿನಿಂದ ಬಂದದ್ದು. ಮಾಡೆಲರಿನ ಡಿಲೇಯಲ್ಲಿ ಹೈ-ಕಟ್ ಇಳಿಸಿ, ಸ್ವಲ್ಪ ಮಾಡ್ಯುಲೇಶನ್ ಸೇರಿಸಿದ ಮೇಲೆ ನಮಗಿಬ್ಬರಿಗೂ ವ್ಯತ್ಯಾಸ ಹೇಳಲಾಗಲಿಲ್ಲ.

"ಲೇಟೆನ್ಸಿ ಇದೆ, ಬೆರಳಿಗೆ ಗೊತ್ತಾಗುತ್ತೆ" ಅನ್ನುವವರೂ ಇದ್ದಾರೆ. ಒಳ್ಳೆಯ ಮಾಡೆಲರಿನ ತಡ ಎರಡು ಮೂರು ಮಿಲಿಸೆಕೆಂಡು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಮೀಟರಿಗೆ ಹತ್ತಿರ ಹತ್ತಿರ ಮೂರು ಮಿಲಿಸೆಕೆಂಡ್ ಆಯ್ತು. ಆಂಪಿನಿಂದ ಮೂರು ಮೀಟರ್ ದೂರ ನಿಂತು ನುಡಿಸುವವನು ಹೆಡ್‌ಫೋನ್ ಹಾಕಿದವನಿಗಿಂತ ಹೆಚ್ಚು ತಡವಾಗಿ ತನ್ನ ಸದ್ದು ಕೇಳ್ತಾನೆ. ಲೆಕ್ಕ ನೀವೇ ಹಾಕಿ.

ಇಷ್ಟು ಓದಿ ಡಿಜಿಟಲ್ ಪಕ್ಷದವರು ಶಿಳ್ಳೆ ಹೊಡೆಯುತ್ತಿದ್ದರೆ ಸ್ವಲ್ಪ ತಡೀರಿ. ಈಗ ನಿಮ್ಮ ಸರದಿ. "ಎಲ್ಲಾ ಸಾಫ್ಟ್‌ವೇರ್‌ನಲ್ಲೇ ಇದೆ, ಒಂದೇ ಒಂದು ಪೆಡಲೂ ಬೇಡ" ಅನ್ನೋದು ಅಷ್ಟೇ ದೊಡ್ಡ ಮೂಢನಂಬಿಕೆ. ನಾಲ್ಕನೆಯ ಡಬ್ಬಿ, ಅಂದರೆ ಫಜ್, ಬೇರೆಯೇ ಕತೆ ಹೇಳಿತು.

ಇದು 1966ರಲ್ಲಿ ಲಂಡನ್ನಿನಲ್ಲಿ ಆರ್ಬಿಟರ್ ಕಂಪನಿ ತಂದ ಫಜ್ ಫೇಸ್ ಮಾದರಿಯದು. ಎರಡೇ ಟ್ರಾನ್ಸಿಸ್ಟರು, ಟ್ಯೂಬ್ ಸ್ಕ್ರೀಮರಿಗಿಂತಲೂ ಬಡ ಸರ್ಕ್ಯೂಟು. ಆದರೆ ಇದರ ಇನ್‌ಪುಟ್ ಇಂಪೀಡೆನ್ಸ್ ಬರೀ ಕೆಲವು ಕಿಲೋ ಓಮ್. ಮಾಡೆಲರಿನದು ಸಾಮಾನ್ಯವಾಗಿ 1 ಮೆಗಾ ಓಮ್. ಮೆಗಾ ಓಮ್ ಅಂದರೆ ಗಿಟಾರಿನ ಮಾತನ್ನು ದೂರ ನಿಂತು ಕೇಳಿಸಿಕೊಳ್ಳುವವನು. ಫಜ್ ಫೇಸ್ ಹಾಗಲ್ಲ, ಗಿಟಾರಿನ ಹೆಗಲಿಗೆ ಕೈ ಹಾಕಿ ಜಗ್ಗುವವನು. ಗಿಟಾರಿನ ಪಿಕಪ್ಪಿನ ಸುರುಳಿ, ಅದರ ವಾಲ್ಯೂಮ್ ಗುಬುಟು ಎರಡೂ ಪೆಡಲಿನ ಸರ್ಕ್ಯೂಟಿನ ಭಾಗವೇ ಆಗಿಬಿಡ್ತವೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಜೇನುಗೂಡಿಗೆ ಕಲ್ಲು ಹೊಡೆದಂತಿದ್ದ ಸದ್ದು ಗಾಜಿನಷ್ಟು ತಿಳಿಯಾಗುತ್ತೆ.

ವಾಲ್ಯೂಮ್ ಪೂರ್ತಿ ಏರಿಸಿದ್ದಾಗ ನಮಗೆ ಪೆಡಲೂ ನಕಲೂ ಒಂದೇ. ಇಳಿಸಿ ನುಡಿಸಿದ ತಕ್ಷಣ ಇಬ್ಬರಲ್ಲಿ ಒಬ್ಬರೂ ಒಂದು ಸಲವೂ ತಪ್ಪಲಿಲ್ಲ. ಇಲ್ಲಿದೆ ನೋಡಿ ನೂಲು! ಪೆಡಲ್ ಮತ್ತು ಪಿಕಪ್ಪಿನ ನಡುವಿನ ಜಗ್ಗಾಟದಲ್ಲಿ. ಮುಂದೆ ಒಂದು ಬಫರ್ ಪೆಡಲ್ ಇಟ್ಟರೆ ಆ ನೂಲು ಕಡಿದು ಹೋಗುತ್ತೆ, ಅದನ್ನೂ ಮಾಡಿ ನೋಡಿದ್ವಿ. ಹೀಲಿಕ್ಸ್‌ನಂಥ ಮಾಡೆಲರಿನಲ್ಲಿ ಇನ್‌ಪುಟ್ಟನ್ನು 10 ಕಿಲೋ ಓಮಿನವರೆಗೆ ಇಳಿಸಬಹುದು, ಹಾಗೆ ಮಾಡಿದರೆ ನಕಲು ಅಸಲಿಗೆ ಇನ್ನಷ್ಟು ಹತ್ತಿರ ಬರುತ್ತೆ. ಆ ಸೌಲಭ್ಯ ಯಾಕೆ ಇಟ್ಟಿದ್ದಾರೆ ಅಂತ 'ಎಲ್ಲಾ ಸಾಫ್ಟ್‌ವೇರ್' ಪಂಡಿತರು ಒಮ್ಮೆ ಯೋಚಿಸಲಿ.

ಇನ್ನೊಂದು ಮಾತು. ಒಣ ಗಿಟಾರನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಪೆಡಲಿಗೆ ಹಾಯಿಸಿ "ನೋಡಿ, ವ್ಯತ್ಯಾಸವೇ ಇಲ್ಲ" ಅಂತ ತೋರಿಸುವ ಪರೀಕ್ಷೆ ಓವರ್‌ಡ್ರೈವಿಗೆ ಸರಿ. ಫಜ್ಜಿಗೆ ಅದು ಸುಳ್ಳು ಹೇಳುತ್ತೆ. ಅಲ್ಲಿ ಪೆಡಲಿನ ಎದುರಿಗಿರುವುದು ಪಿಕಪ್ ಅಲ್ಲ, ಯಾವುದೋ ಪೆಟ್ಟಿಗೆ.

ಹಾಗಾದರೆ ಮಾಡೆಲರ್ ಇರುವವರು ಏನು ಮಾಡಬೇಕು? ಗಿಟಾರಿನ ಜೊತೆ ಜಗ್ಗಾಡುವ ಪೆಡಲ್ ಬೇಕಿದ್ದರೆ ತಗೊಳ್ಳಿ, ಗಿಟಾರಿನ ನಂತರ ಮೊಟ್ಟಮೊದಲು ಅದನ್ನೇ ಇಡಿ. ಅದರ ಔಟ್‌ಪುಟ್ ಮಾಡೆಲರಿನ ಇನ್‌ಪುಟ್ಟನ್ನು ಕ್ಲಿಪ್ ಮಾಡದಂತೆ ನೋಡಿಕೊಳ್ಳಿ. ಡಿಜಿಟಲ್ ಕ್ಲಿಪ್ಪಿಂಗಿನ ಕರ್ಕಶಕ್ಕೆ ಯಾವ ಪೆಡಲೂ ಮದ್ದಲ್ಲ. ಅನಲಾಗ್, ಡಿಜಿಟಲ್ ಎರಡನ್ನೂ ಒಂದೇ ಅಡಾಪ್ಟರಿನ ಬಾಲಕ್ಕೆ ಕಟ್ಟಬೇಡಿ, ಕುಯ್ ಅನ್ನುತ್ತೆ. ಬಗ್ಗಿ ಗುಬುಟು ತಿರುಗಿಸುವ ಸುಖಕ್ಕೇ ಒಂದು ಡಬ್ಬಿ ಬೇಕು ಅಂದರೆ ಅದೂ ನ್ಯಾಯವಾದ ಕಾರಣವೇ, ಆದರೆ ಸುಖ ಅಂತಲೇ ಹೇಳಿ. ಹೊಸ ಹುಡುಗರ ಕಿವಿಯಲ್ಲಿ ಅದಕ್ಕೆ ಜೀವ ಅಂತ ಹೆಸರಿಟ್ಟು ಹೆದರಿಸಬೇಡಿ.

ಯಾಕಂದರೆ ಈ ಹೆದರಿಕೆಗೆ ದಂಡ ತೆರುವವರು ಯಾರು? 1994ರಲ್ಲಿ ಶುರುವಾಗಿ ಸುಮಾರು ಎಂಟು ಸಾವಿರ ಮಾತ್ರ ತಯಾರಾದ ಕ್ಲಾನ್ ಸೆಂಟಾರ್ ಪೆಡಲನ್ನು ಸಾವಿರಾರು ಡಾಲರ್ ಕೊಟ್ಟು ಕೊಳ್ಳುವ ಸಾಹುಕಾರರಲ್ಲ. ಅವರು ಸುಖವಾಗಿರಲಿ. ದಂಡ ತೆರುವುದು ಹಾಸನದಿಂದಲೋ ಹಾವೇರಿಯಿಂದಲೋ ಬಂದು, ಮನೆಗೆ ದುಡ್ಡು ಕಳಿಸಿ, ಉಳಿದದ್ದರಲ್ಲಿ ಒಂದು ಗಿಟಾರ್ ಕೊಂಡವನು. ತನ್ನ ಬೆರಳಿಗೆ ಇನ್ನೂ ಅಭ್ಯಾಸ ಬೇಕು ಅಂತ ತಿಳಿಯುವ ಬದಲು ತನ್ನ ಡಬ್ಬಿಗೆ ಏನೋ ಕೊರತೆ ಅಂತ ನಂಬಿಬಿಡ್ತಾನೆ. ಕುಣಿಯಲಾರದವಳಿಗೆ ನೆಲ ಡೊಂಕಾಗಿ ಕಂಡಿತಂತೆ. ಇಲ್ಲಿ ಕುಣಿಯಬಲ್ಲವನಿಗೇ 'ನೆಲ ಡೊಂಕು' ಅಂತ ಹೇಳಿಕೊಟ್ಟು ಟೈಲ್ಸ್ ಮಾರುತ್ತಿದ್ದಾರೆ.

2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ್ದು ನಮ್ಮೂರಿನ ಗಿಟಾರ್ ಹುಡುಗರಿಗೆ ಈಗಲೂ ಹಬ್ಬದ ನೆನಪು. ಅದೇ ಮೆಟಾಲಿಕಾ 2013ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದಲ್ಲಿ ನುಡಿಸಿದಾಗ ವೇದಿಕೆಯ ಮೇಲೆ ಸದ್ದು ಮಾಡುವ ಆಂಪುಗಳೇ ಇರಲಿಲ್ಲ. ಮಾಡೆಲರಿನಿಂದ ಹೊರಟ ಸದ್ದು ನೇರ ಕೇಳುಗರ ಹೆಡ್‌ಫೋನಿಗೆ ಹೋಯಿತು. ಅವರಿಗೆ ಸಾಕಾದ ಜೀವ ನಮ್ಮ ಪಿ.ಜಿ. ರೂಮಿಗೆ ಸಾಲದೇ?

ಹುಡುಗ ಫಜ್ ಒಂದನ್ನು ಇಟ್ಟುಕೊಂಡು ಉಳಿದ ಮೂರನ್ನು ಮಾರಿದ. ಬಂದ ದುಡ್ಡಲ್ಲಿ ಕಂತಿನ ದೊಡ್ಡ ಪಾಲು ತೀರಿತು.

ಇದನ್ನು ಒಪ್ಪದವರು ಬಹಳ ಮಂದಿ ಇದ್ದೀರಿ ಅಂತ ಗೊತ್ತು. ಬೈಯಿರಿ, ಬೇಜಾರಿಲ್ಲ. ಆದರೆ ಬೈಯುವ ಮೊದಲು ಮೀಟರ್ ಸಮ ಮಾಡಿ, ಕಣ್ಣು ಮುಚ್ಚಿ, ಒಬ್ಬ ಸ್ನೇಹಿತನಿಗೆ ಸ್ವಿಚ್ ಒತ್ತಲು ಹೇಳಿ. ಆಮೇಲೂ ನಿಮ್ಮ ಡಬ್ಬಿ ಯಾವುದು ಅಂತ ಸರಿಯಾಗಿ ಹೇಳ್ತಾ ಹೋದರೆ, ನೂಲು ಎಲ್ಲಿ ಸಿಕ್ತು ಅಂತ ನನಗೂ ಹೇಳಿ. ಅಂಥ ಪೆಡಲ್ ಇದ್ದರೆ ನಾನೂ ತಗೋತೀನಿ.