ಹುಟ್ಟು ಬಲ, ಕಲಿತ ಪಟ್ಟು

ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಹುಡುಗನನ್ನು ‘ಹುಟ್ಟಾ ಪೈಲ್ವಾನ’ ಎಂದು ಹೊಗಳುವುದು ನಮ್ಮ ಜನರ ರೂಢಿ. ಸೋತವನ ವಿಷಯದಲ್ಲಿ ‘ಅದು ರಕ್ತದಲ್ಲಿರಬೇಕು’ ಎಂಬ ಒಂದೇ ತೀರ್ಪು. ಲಕ್ಕಲಕಟ್ಟಿಯಂತಹ ಹಳ್ಳಿಗಳಿಂದ ರೋಣ, ಗಜೇಂದ್ರಗಡಗಳ ಕಾಲೇಜುಗಳಿಗೆ ಬರುವ ತರುಣರ ಪಾಲಿಗೆ ಈ ತೀರ್ಪು ಬಲು ಕಠಿಣವಾದುದು. ಅಂತರ-ಕಾಲೇಜು ಪಂದ್ಯಗಳು ಸಮೀಪಿಸಿದಾಗ ಈಗಾಗಲೇ ಹೆಸರು ಮಾಡಿದ ನಾಲ್ವರನ್ನು ಆಯ್ದು, ಸಮವಸ್ತ್ರ ತೊಡಿಸಿ, ಅದನ್ನೇ ತಂಡವೆನ್ನುವ ಕಾಲೇಜುಗಳು ಎಷ್ಟೋ ಇವೆ. ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ.

ಎಲುಬಿನ ಗಾತ್ರ, ಉಸಿರಿನ ದಮ್ಮು, ಎದೆಗಾರಿಕೆ ಇವು ಹುಟ್ಟಿನಿಂದ ಬರಬಹುದು. ಆದರೆ ಕುಸ್ತಿಯ ಶೈಲಿ ಹಾಗಲ್ಲ. ಬಲ್ಲವರು ಪೈಲ್ವಾನನ ಕೈಹಿಡಿತವನ್ನು ನೋಡಿಯೇ ಅವನು ಯಾವ ಗರಡಿಯವನೆಂದು ಹೇಳಬಲ್ಲರು. ಒಂದು ಗರಡಿಯ ಇಪ್ಪತ್ತು ಹುಡುಗರು ಒಂದೇ ಗುಣ ಹೊತ್ತು ಹುಟ್ಟಿದರೆ? ಎಣ್ಣೆ ಮಜ್ಜಿಗೆ ಬೆರೆಸಿದ ಕೆಮ್ಮಣ್ಣಿನಲ್ಲಿ ದಿನವೂ ಅವರನ್ನು ಎತ್ತಿ, ಕೆಡವಿ, ತಿದ್ದಿದ ವಸ್ತಾದನ ಕೈಗುರುತು ಅದು.

ನಮ್ಮ ಭಾಗದ ಪೈಲ್ವಾನರು ಗೌರವದಿಂದ ನೋಡುವ ಕೊಲ್ಲಾಪುರದ ನಿದರ್ಶನವನ್ನೇ ತೆಗೆದುಕೊಳ್ಳೋಣ. ಅಲ್ಲಿಯ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ ಖಾಶಾಬಾ ಜಾಧವರದು ಕಿರಿದಾದ ಮೈಕಟ್ಟು. ಮೊದಲು ಅವರನ್ನು ವಾರ್ಷಿಕ ಕ್ರೀಡಾಕೂಟಕ್ಕೇ ಸೇರಿಸಿಕೊಂಡಿರಲಿಲ್ಲವಂತೆ. ಪ್ರಾಂಶುಪಾಲರು ಅನುಮತಿ ಕೊಟ್ಟ ಮೇಲೆ ಕಣಕ್ಕಿಳಿದರು. ತಂದೆಯೇ ಪೈಲ್ವಾನರು, ಆದ್ದರಿಂದ ರಕ್ತದ ಮಾತನ್ನು ಅಲ್ಲಗಳೆಯಲಾಗದು. ಆದರೂ ಮಣ್ಣಿನಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಚಾಪೆಯ ಮೇಲೆ, ಹೊಸ ನಿಯಮಗಳ ನಡುವೆ ಸೆಣಸಬೇಕಾಯಿತು. ಅಮೆರಿಕದ ರೀಸ್ ಗಾರ್ಡ್ನರ್ ಅಲ್ಲಿ ಅವರಿಗೆ ತರಬೇತಿ ಕೊಟ್ಟರು, ಜಾಧವರು ಆರನೆಯವರಾದರು. ನಾಲ್ಕು ವರ್ಷ ಬೆವರು ಸುರಿಸಿದ ಮೇಲೆ, 1952ರಲ್ಲಿ ಹೆಲ್ಸಿಂಕಿಯಲ್ಲಿ, ಅವರಿಗೆ ಕಂಚಿನ ಪದಕ ಬಂದಿತು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವದು. ಆ ಪ್ರಯಾಣಕ್ಕಾಗಿ ಪ್ರಾಂಶುಪಾಲ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟರೆಂಬುದನ್ನು ನಮ್ಮ ಕಾಲೇಜುಗಳು ನೆನೆಯಬೇಕು.

ನೆರೆಯ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು ಗ್ರೀಕೋ-ರೋಮನ್ ಪದ್ಧತಿಯಲ್ಲಿ. ಅಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಎದುರಾಳಿಯ ಕಾಲು ಸೆಳೆದು ಚಿತ್ ಮಾಡುವ ನಮ್ಮ ಗರಡಿಯ ಹುಡುಗನಿಗೆ ಇದನ್ನು ಹುಟ್ಟುಗುಣ ಹೇಳಿಕೊಟ್ಟೀತೆ?

ಹಾಗೆಂದು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುವ ತರಬೇತುದಾರನೂ ನನಗೆ ಒಪ್ಪಿಗೆಯಿಲ್ಲ. ಉದ್ದ ತೋಳಿನವನಿಗೂ ಗಿಡ್ಡ ಮೈಯವನಿಗೂ ಒಂದೇ ಪಟ್ಟು ಒಗ್ಗದು. ಇದನ್ನು ಅರಿಯಲು ವಸ್ತಾದನಿಗೆ ಹುಡುಗರ ಒಡನಾಟ ಬೇಕು, ಕಾಲಾವಕಾಶ ಬೇಕು. ಪಂದ್ಯಕ್ಕೆ ಹದಿನೈದು ದಿನವಿರುವಾಗ ಅವನನ್ನು ಕರೆಸಿದರೆ ಅವನಾದರೂ ಏನು ಮಾಡಿಯಾನು? ಕಾಲೇಜು ತೆರೆದ ದಿನದಿಂದಲೇ ಅವನು ಕಣದಲ್ಲಿರಲಿ; ಹೆಸರು ಮಾಡದ ಹುಡುಗರಿಗೂ ಆ ಕಣದ ಬಾಗಿಲು ತೆರೆದಿರಲಿ.