ಕಾಯಿ ಹೊತ್ತ ಸಮಾಸ

ಗುಬ್ಬಿ, ಕುಣಿಗಲ್ ಸೀಮೆಯ ತೆಂಗಿನ ತೋಟಗಳ ಮೇಲೆ ಈ ಸಂಚಿಕೆಗೆ ಬಂದ ಲೇಖನಗಳಲ್ಲೆಲ್ಲ ‘ಕೋಕಸ್ ನುಸಿಫೆರಾ’ ಎಂಬ ಹೆಸರು ಒಮ್ಮೆಯಾದರೂ ಬಂದಿದೆ. ಕರಡು ತಿದ್ದುವವರು ತೆಗೆದುಬಿಡೋಣವೇ ಎಂದರು. ಬೇಡ ಎಂದೆವು, ಅದರೊಳಗೆ ನಮ್ಮ ವ್ಯಾಕರಣ ಪಾಠವೇ ಇದೆ.

ತೆಂಗಿಗೆ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅಚ್ಚು ಹಾಕಿಸಿದ ಹೆಸರಿದು. ಲ್ಯಾಟಿನ್ನಿನಲ್ಲಿ ‘ನುಕ್ಸ್’ ಎಂದರೆ ಗಟ್ಟಿ ಕರಟದ ಕಾಯಿ. ವಿಭಕ್ತಿ ಕಳಚಿದರೆ ಉಳಿಯುವ ಪ್ರಕೃತಿ ‘ನುಕ್’. ಅದಕ್ಕೊಂದು ‘ಇ’ಕಾರ ಬೆಸೆದು, ಹೊರು ಎಂಬರ್ಥದ ‘ಫೆರ್’ ಧಾತು ಸೇರಿಸಿದರೆ ‘ಕಾಯಿ ಹೊರುವುದು’ ಎಂದಾಯಿತು. ಲ್ಯಾಟಿನ್ನಿನಲ್ಲಿ ಮರಗಳು ಸಾಮಾನ್ಯವಾಗಿ ಹೆಣ್ಣು, ಅದಕ್ಕೇ ಕೊನೆಗೆ ‘ಆ’. ಸಂಸ್ಕೃತ ಓದಿದವರಿಗೆ ಇದು ‘ಜಲಧರ’ದಂಥ ಉಪಪದ ಸಮಾಸವೆಂದು ಥಟ್ಟನೆ ಹೊಳೆಯುತ್ತದೆ. ‘ಫೆರ್’ ಕೂಡ ಪರಕೀಯನಲ್ಲ. ನಾವು ದಿನಾ ಆಡುವ ‘ಭಾರ’ದ ಹಿಂದಿರುವ ‘ಭೃ’ ಧಾತುವಿನ ದಾಯಾದಿ. ಕನ್ನಡದ ‘ತೆಂಗಿನಕಾಯಿ’ಯ ದಾರಿ ಬೇರೆ: ಷಷ್ಠಿಯ ‘ಇನ’ವನ್ನು ಅದು ಬಿಟ್ಟುಕೊಡುವುದಿಲ್ಲ.

ಹಲಸಿನ ‘ಆರ್ಟೋಕಾರ್ಪಸ್’ ಪೂರಾ ಗ್ರೀಕ್, ಬೆಸುಗೆಯೂ ಗ್ರೀಕರ ‘ಓ’ಕಾರ. ಅದಿರಲಿ. ಸ್ವಾರಸ್ಯವಿರುವುದು ಮಾವಿನಲ್ಲಿ. ಅದೇ ಲಿನೇಯಸ್ ಅದನ್ನು ‘ಮ್ಯಾಂಜಿಫೆರಾ’ ಎಂದು ಕರೆದ. ‘ಫೆರಾ’ ಅಪ್ಪಟ ಲ್ಯಾಟಿನ್, ಆದರೆ ಮೊದಲರ್ಧ ಪೋರ್ಚುಗೀಸರು ಮಲೆಯಾಳ ಕರಾವಳಿಯಿಂದ ಕೊಂಡೊಯ್ದ ‘ಮಾಂಙ’. ಅಂದರೆ ‘ಮಾ’ ಮತ್ತು ‘ಕಾಯ್’ ಕೂಡಿದ ದ್ರಾವಿಡ ಸಮಾಸ. ಸಮಾಸದ ಹೊಟ್ಟೆಯಲ್ಲಿ ಇನ್ನೊಂದು ಸಮಾಸ, ಅದೂ ಬೇರೆ ಕುಲದ್ದು! ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟುಹಾಕುವುದನ್ನು ಅರಿಸಮಾಸವೆಂದು ತಡೆದವನು. ಇದನ್ನು ಕಂಡಿದ್ದರೆ ಹೌಹಾರುತ್ತಿದ್ದ. ಆದರೆ ಅವನೂ ಬಿರುದುಗಳಿಗೆ, ಹಿಂದಿನ ಕವಿಗಳ ಬಳಕೆಗೆ ವಿನಾಯಿತಿ ಕೊಟ್ಟ. ಕವಿಗಳಿಗೆ ಕೊಟ್ಟದ್ದನ್ನು ರೈತರಿಗೆ ಕೊಡಲು ನಮಗೇನು ಅಡ್ಡಿ? ‘ಮಳೆಗಾಲ’ ಎನ್ನುವಾಗ ‘ಮಳೆ’ ಕನ್ನಡದ್ದು, ‘ಕಾಲ’ ಸಂಸ್ಕೃತದ್ದು ಎಂದು ಯಾರೂ ಕುಲ ಕೇಳುವುದಿಲ್ಲ.

ಶುದ್ಧಿಯ ಮಡಿ ಹೆಚ್ಚಾದಾಗ ಪದ ಸಾಯುತ್ತದೆ ಎಂಬ ಅನುಮಾನ ನಮಗೆ ಹಳೆಯದು. ಪಾರಿಭಾಷಿಕ ಪದ ಕಟ್ಟುವವರು ಎರಡೂ ಕಡೆ ಸಂಸ್ಕೃತವನ್ನೇ ಇಟ್ಟು, ತುಮಕೂರಿನ ಮಂಡಿಯಲ್ಲಿ ಯಾರ ಬಾಯಲ್ಲೂ ನಿಲ್ಲದ ಮಾತುಗಳನ್ನು ಹೆರುತ್ತಾರೆ. ಹಾಗಾಗಿ ಲೇಖನವೊಂದರಲ್ಲಿ ‘ನಾರಿಕೇಳಕೃಷಿ’ ಎಂದು ಬಂದದ್ದನ್ನು ಲೇಖಕರ ಒಪ್ಪಿಗೆ ಪಡೆದು ‘ತೆಂಗುಕೃಷಿ’ ಮಾಡಿದ್ದೇವೆ. ಅರಿಸಮಾಸವೇ, ಗೊತ್ತಿದೆ. ಕೇಶಿರಾಜನ ಪಕ್ಷದವರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟಿದ್ದೇವೆ.