ಬೆನ್ನ ಹಿಂದೆ ಗಡಿಯಾರ ಹೊಡೆದಾಗ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಮಗ ಐದು ಸ್ಪೀಕರು, ಒಂದು ಸಬ್‌ವೂಫರ್ ಇರುವ ಹೋಮ್ ಥಿಯೇಟರನ್ನು ಹಾಲಿನಲ್ಲಿ ಜೋಡಿಸಿಟ್ಟು ಕೆಲಸಕ್ಕೆಂದು ಪರದೇಶಕ್ಕೆ ಹೋಗಿದ್ದಾನೆ. ಗಂಡ ಹೆಂಡಿರಿಬ್ಬರಿಗೂ ಸಿನಿಮಾದ ಗೀಳು ಅಷ್ಟಿಲ್ಲ. ಕಾಲೇಜಿನ ದಿನಗಳಲ್ಲಿ ಕ್ಯಾಸೆಟ್ಟು ಸವೆಯುವಷ್ಟು ಕೇಳಿದ ರಾಕ್ ಸಂಗೀತವನ್ನು ಇದರಲ್ಲಿ ಕೇಳಬಹುದೆ? ಕೇಳುವುದಾದರೆ ಯಾವುದನ್ನು? ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲವಾದ್ದರಿಂದ ಈ ತಿಂಗಳ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಸುತ್ತಲಿಂದ ಬರುವ ಸದ್ದು ಮುಂಬಯಿಗರಿಗೆ ಹೊಸತಲ್ಲ. 1975ರಲ್ಲಿ ಲ್ಯಾಮಿಂಗ್ಟನ್ ರಸ್ತೆಯ ಮಿನರ್ವಾದಲ್ಲಿ ‘ಶೋಲೆ’ 70 ಎಂ.ಎಂ. ಪರದೆಯಲ್ಲಿ, ಆರು ಟ್ರ್ಯಾಕಿನ ಸ್ಟೀರಿಯೊ ಧ್ವನಿಯೊಂದಿಗೆ ಬಂದಾಗ, ಜಯ್ ಚಿಮ್ಮಿಸಿದ ನಾಣ್ಯ ಬಿದ್ದ ಸದ್ದಿಗೆ ಜನ ತಮ್ಮ ಕುರ್ಚಿಯಡಿ ಹುಡುಕಿದರೆಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಆದರೆ ಸಿನಿಮಾದಲ್ಲಿ ಸದ್ದು ಎಲ್ಲಿಂದ ಬರಬೇಕೆಂಬುದನ್ನು ಚಿತ್ರವೇ ಹೇಳುತ್ತದೆ. ಸಂಗೀತದಲ್ಲಿ ಆ ಆಸರೆಯಿಲ್ಲ. ಗಿಟಾರು ಬೆನ್ನ ಹಿಂದಿನಿಂದ ಬರಬೇಕಾದರೆ ಅದಕ್ಕೊಂದು ಕಾರಣ ಬೇಕು. ಇಲ್ಲವಾದರೆ ಮೊದಲ ಸಲ ಚಮತ್ಕಾರ, ಎರಡನೆಯ ಸಲ ಕಿರಿಕಿರಿ.

ಕಾರಣವಿದ್ದಾಗ ಏನಾಗುತ್ತದೆಂಬುದು ಭಜನೆಗೆ ಹೋಗುವವರಿಗೆ ಗೊತ್ತು. ದೂರ ಕುಳಿತು ಕೇಳುವುದು ಬೇರೆ. ಮಂಡಳಿಯ ನಡುವೆಯೇ ಕುಳಿತು, ಎದುರಿಗೆ ಹಾರ್ಮೋನಿಯಂ, ಪಕ್ಕದಲ್ಲಿ ತಾಳ, ಹಿಂದಿನ ಸಾಲಿನವರ ದನಿ ಹೆಗಲ ಮೇಲಿನಿಂದ ಬರುವಾಗ ಕೇಳುವುದು ಬೇರೆ. ಒಂದೊಂದು ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಹಾಡು ಮಾತ್ರ ಒಂದೇ. ರಾಕ್ ತಂಡಗಳು 1960ರ ದಶಕದ ಕೊನೆಯಿಂದ ಎಂಟು, ಹದಿನಾರು, ಇಪ್ಪತ್ತನಾಲ್ಕು ಟ್ರ್ಯಾಕುಗಳ ಟೇಪಿನಲ್ಲಿ ವಾದ್ಯಗಳನ್ನು ಬೇರೆ ಬೇರೆಯಾಗಿ ಮುದ್ರಿಸತೊಡಗಿದವು. ಅಷ್ಟನ್ನೂ ಕೊನೆಗೆ ಎರಡೇ ಸ್ಪೀಕರಿಗೆ ತುಂಬಬೇಕಾಗಿತ್ತು, ಸಂಜೆ ಆರರ ವಿರಾರ್ ಲೋಕಲಿಗೆ ಜನ ತುಂಬಿದ ಹಾಗೆ. ಒಳ್ಳೆಯ ಸರೌಂಡ್ ಎಂದರೆ ಆ ಮೂಲ ಟೇಪಿಗೆ ಮರಳಿ ಎಲ್ಲರಿಗೂ ಕೂರಲು ಜಾಗ ಕೊಡುವುದು. ವಯಸ್ಸಾದ ಕಿವಿಗೆ ಇದೊಂದು ದೊಡ್ಡ ಉಪಕಾರವೆಂದೇ ನನ್ನ ಎಣಿಕೆ.

ಹಾಗಾಗಿ ಕಿಕ್ಕಿರಿದ ಆಲ್ಬಮ್ಮುಗಳನ್ನೇ ಹುಡುಕಬೇಕು. ಬೀಟಲ್ಸ್ ತಂಡದ 1963ರ ಮೊದಲ ಆಲ್ಬಮ್ ಎರಡು ಟ್ರ್ಯಾಕಿನಲ್ಲಿ ಮುದ್ರಣಗೊಂಡದ್ದು. ಅದನ್ನು ಐದು ಕಡೆ ಹಂಚುವುದೆಂದರೆ ಒಂದು ದೋಸೆಯನ್ನು ಐದು ತಟ್ಟೆಗೆ ಹರಿದು ಹಾಕಿದಂತೆ. (ಬೆರೆತ ದನಿಗಳನ್ನು ಕಂಪ್ಯೂಟರಿನಿಂದ ಬೇರ್ಪಡಿಸುವ ವಿದ್ಯೆ ಈಗ ಬಂದಿದೆ, ನಿಜ. ಮೂಲದಲ್ಲೇ ಬೇರೆಯಿದ್ದುದರ ಸೊಗಸು ಅದಕ್ಕಿಲ್ಲ.)

ಮೊದಲು ಕೇಳಬೇಕಾದದ್ದು ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. 1973ರ ಈ ಆಲ್ಬಮ್ಮಿನಲ್ಲಿ ‘ಟೈಮ್’ ಹಾಡಿಗೆ ಮುನ್ನ ಹತ್ತಾರು ಗಡಿಯಾರಗಳು ಒಟ್ಟಿಗೆ ಹೊಡೆಯುತ್ತವಷ್ಟೆ? ಧ್ವನಿಮುದ್ರಕ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರದ ಅಂಗಡಿಯಲ್ಲಿ ಅವುಗಳನ್ನು ಮುದ್ರಿಸಿಟ್ಟದ್ದು ಈ ಹಾಡಿಗಾಗಿ ಅಲ್ಲವೇ ಅಲ್ಲ. ಆಗತಾನೆ ಬಂದಿದ್ದ ನಾಲ್ಕು ಸ್ಪೀಕರಿನ ಕ್ವಾಡ್ರಾಫೋನಿಕ್ ವ್ಯವಸ್ಥೆಯನ್ನು ಪ್ರದರ್ಶಿಸುವುದಕ್ಕಾಗಿ. ‘ಮನಿ’ ಹಾಡಿನ ಚಿಲ್ಲರೆಯ ಝಣಝಣವೂ ಕೋಣೆಯ ಸುತ್ತ ತಿರುಗಲೆಂದೇ ಮಾಡಿದ್ದು. ತಂಡವಂತೂ 1967ರಲ್ಲೇ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ಪ್ರೇಕ್ಷಕರ ಸುತ್ತ ಸದ್ದು ಸುತ್ತಿಸಿತ್ತು. ಅಂದರೆ ನಾವು ಇಷ್ಟು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದ್ದು ಮಡಿಸಿಟ್ಟ ಸೀರೆಯನ್ನು. ಬಿಡಿಸಿದ ಸೀರೆಯ ಸೆರಗು ಇಲ್ಲಿದೆ. ಪಾರ್ಸನ್ಸ್ ಮಾಡಿದ ನಾಲ್ಕು ಸ್ಪೀಕರಿನ ರೂಪ, ಜೇಮ್ಸ್ ಗತ್ರಿ 2003ರಲ್ಲಿ ಮಾಡಿದ ಐದು ಸ್ಪೀಕರಿನ ರೂಪ, ಎರಡೂ ಇವೆ. ಮೊದಲನೆಯದರಲ್ಲಿ ಧೈರ್ಯ ಹೆಚ್ಚು, ಎರಡನೆಯದರಲ್ಲಿ ಸಂಯಮ. ಹೊಸಬರು ಎರಡನೆಯದರಿಂದ ಆರಂಭಿಸುವುದು ಲೇಸು.

ಆ ಕಾಲದ ಕ್ವಾಡ್ರಾಫೋನಿಕ್ ಬಾಳಲಿಲ್ಲ. ಎಸ್‌ಕ್ಯೂ, ಕ್ಯೂಎಸ್, ಸಿಡಿ-4 ಎಂದು ಒಂದಕ್ಕೊಂದು ಹೊಂದದ ಪದ್ಧತಿಗಳನ್ನು ಕಂಪನಿಗಳು ತಂದವು. ಗಿರಾಕಿ ಬೇಸತ್ತು ದೂರ ಸರಿದ. 1999ರ ಎಸ್‌ಎಸಿಡಿ, 2000ದ ಡಿವಿಡಿ-ಆಡಿಯೊ ಬಂದಾಗಲೂ ಅದೇ ಜಗಳ ಮತ್ತೆ ನಡೆಯಿತು.

ಎರಡನೆಯ ಸ್ಥಾನ ಕ್ವೀನ್ ತಂಡದ ‘ಎ ನೈಟ್ ಅಟ್ ದ ಆಪೆರಾ’ಗೆ. ಪಂಚಗನಿಯ ಶಾಲೆಯಲ್ಲಿ ಓದಿದ ನಮ್ಮ ಫ್ರೆಡ್ಡಿ ಮರ್ಕ್ಯುರಿ (ನಮ್ಮ ಎನ್ನಲು ಅಷ್ಟು ಸಾಕಲ್ಲವೆ?) ‘ಬೊಹೀಮಿಯನ್ ರಾಪ್ಸಡಿ’ಯಲ್ಲಿ ಸಂಗಡಿಗರೊಂದಿಗೆ ದನಿಯ ಮೇಲೆ ದನಿ ಪೇರಿಸಿ ಒಂದು ಮೇಳವನ್ನೇ ಕಟ್ಟಿದ. ಮೇಳದ ನಡುವೆ ಕುಳಿತರೆ ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂದು ಮೊದಲ ಸಲ ಅರಿವಾಗುತ್ತದೆ. ಜೆಥ್ರೊ ಟಲ್ ತಂಡದ ‘ಆಕ್ವಾಲಂಗ್’ (1971) ಇನ್ನೊಂದು. ಅದರ ಮೂಲ ಧ್ವನಿ ಮಂಕೆಂಬ ದೂರು ಹಳೆಯದು. 2011ರಲ್ಲಿ ಸ್ಟೀವನ್ ವಿಲ್ಸನ್ ಟೇಪುಗಳಿಂದ ಹೊಸದಾಗಿ ಬೆರೆಸಿದ ಮೇಲೆ ಧೂಳು ಒರೆಸಿದ ಕನ್ನಡಿಯಾಯಿತು. 2008ರ ದಾಳಿಯ ಬೆನ್ನಿಗೇ ಸಂತ್ರಸ್ತರ ನೆರವಿಗೆಂದು ಅನುಷ್ಕಾ ಶಂಕರ್ ಜೊತೆ ಮುಂಬಯಿಯಲ್ಲಿ ನುಡಿಸಿದ ತಂಡವದು. ವಿಲ್ಸನ್ ಹೆಸರಿರುವ ಕಿಂಗ್ ಕ್ರಿಮ್ಸನ್, ಯೆಸ್ ಆಲ್ಬಮ್ಮುಗಳನ್ನೂ ನಂಬಿ ಕೊಳ್ಳಬಹುದು. ಡೈರ್ ಸ್ಟ್ರೇಟ್ಸ್ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’ನ 2005ರ ಸರೌಂಡ್ ರೂಪಕ್ಕೆ ಗ್ರ್ಯಾಮಿ ಬಂತು.

ಈಗಲ್ಸ್ ತಂಡದ ‘ಹೆಲ್ ಫ್ರೀಜಸ್ ಓವರ್’ ಕಛೇರಿಯ ಡಿವಿಡಿ ಚೆನ್ನಾಗಿದೆ, ಆದರೆ ಅಲ್ಲಿ ಹಿಂದಿನ ಸ್ಪೀಕರುಗಳಿಗೆ ಮುಖ್ಯವಾಗಿ ಚಪ್ಪಾಳೆಯ ಕೆಲಸ. ಸಭಾಂಗಣದಲ್ಲಿ ಒಂದು ಸೀಟು ಸಿಗುತ್ತದೆ, ಅಷ್ಟೆ.

ಸಿಗುವುದೆಲ್ಲಿ? ಕಾಲಾ ಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿತು. ವಿದೇಶದಿಂದ ತರಿಸಿದರೆ ಸುಂಕ ಸೇರಿ ಜೇಬು ಸುಡುತ್ತದೆ. ಆದ್ದರಿಂದ ತಟ್ಟೆಯ ಮೇಲಿನ ಅಕ್ಷರ ಓದದೆ ಕೊಳ್ಳಬೇಡಿ. ಎಸ್‌ಎಸಿಡಿ ಎಷ್ಟೋ ವೇಳೆ ಸಾಮಾನ್ಯ ಸಿಡಿ ಪ್ಲೇಯರಿನಲ್ಲೂ ಹಾಡುತ್ತದೆ, ಆದರೆ ಆಗ ಬರುವುದು ಬರೀ ಸ್ಟೀರಿಯೊ. ಡಿವಿಡಿ-ಆಡಿಯೊ ತಟ್ಟೆಗಳಲ್ಲಿ ಹೆಚ್ಚಿನವು ಮಾಳಿಗೆಗೆ ಸೇರಿದ ನಿಮ್ಮ ಹಳೆಯ ಡಿವಿಡಿ ಪ್ಲೇಯರಿನಲ್ಲೇ ಡಾಲ್ಬಿ ಅಥವಾ ಡಿಟಿಎಸ್ ರೂಪದಲ್ಲಿ ಸರೌಂಡ್ ಕೊಡುತ್ತವೆ. ಅದನ್ನು ಭಂಗಾರಿನವನಿಗೆ ಹಾಕುವ ಮುನ್ನ ಯೋಚಿಸಿ. ತಟ್ಟೆಯ ತಾಪತ್ರಯ ಬೇಡವೆಂದರೆ ಆ್ಯಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಡಾಲ್ಬಿ ಅಟ್ಮಾಸ್ ಇದೆ. ಅಲ್ಲಿ ಜೊಳ್ಳೂ ಸಾಕಷ್ಟಿದೆ. ಯಾರು ಬೆರೆಸಿದ್ದೆಂದು ವಿಚಾರಿಸಿ. ಇನ್ನು ರಿಮೋಟಿನಲ್ಲಿ ‘ಆಲ್ ಚಾನೆಲ್ ಸ್ಟೀರಿಯೊ’ ಎಂಬ ಗುಂಡಿ ಇದ್ದರೆ ಮುಟ್ಟಬೇಡಿ. ಒಂದೇ ಹಾಡನ್ನು ಐದು ಬಾಯಿಂದ ಕೂಗಿಸುವುದು ಸರೌಂಡ್ ಅಲ್ಲ.

ಒಂದು ಕಳವಳ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಮೂಲ ಟೇಪು ಉಳಿದಿರಬೇಕು. 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊಗೆ ಬಿದ್ದ ಬೆಂಕಿಯಲ್ಲಿ ಎಷ್ಟೋ ಮೂಲ ಟೇಪುಗಳು ಸುಟ್ಟವು. ಅಂಥವು ಇನ್ನು ಸ್ಟೀರಿಯೊದಲ್ಲಿ ಉಳಿದಷ್ಟೇ. ಇರುವುದನ್ನು ಈಗಲೇ ಕೇಳಿಕೊಳ್ಳೋಣ ಎಂಬ ಆತುರ ನನಗೆ ಹುಟ್ಟಿದ್ದು ಅದರಿಂದ.

ನಮ್ಮ ಹತ್ತು-ಹನ್ನೆರಡು ಅಡಿಯ ಹಾಲಿಗೆ ಬರೋಣ. ಸೋಫಾ ಗೋಡೆಗೆ ಅಂಟಿದ್ದರೆ ಹಿಂದಿನ ಸ್ಪೀಕರಿಗೆ ಜಾಗವೇ ಇರುವುದಿಲ್ಲ. ಕೇಳುವ ಹೊತ್ತಿಗೆ ಒಂದೆರಡು ಅಡಿ ಮುಂದೆ ಎಳೆಯಿರಿ. ಆ ಸ್ಪೀಕರುಗಳು ಕಿವಿಯ ಎತ್ತರದಲ್ಲಿ, ಪಕ್ಕದಿಂದ ತುಸು ಹಿಂದಕ್ಕೆ ಇರಲಿ. ಷೋಕೇಸಿನ ಮೇಲೆ ಗಣಪತಿಯ ಪಕ್ಕ ಏರಿಸಿಟ್ಟರೆ ಪ್ರಯೋಜನವಿಲ್ಲ. ಸಬ್‌ವೂಫರನ್ನು ಅರ್ಧಕ್ಕಿಂತ ಕೆಳಗಿಡಿ, ಕೆಳಗಿನ ಮನೆಯವರ ಚಾವಣಿ ನಮ್ಮ ನೆಲ ತಾನೆ. ‘ಟೈಮ್’ ಶುರುವಾಗುವ ಮುನ್ನ ರಿಮೋಟು ಕೈಯಲ್ಲೇ ಇರಲಿ; ಆ ಗಡಿಯಾರಗಳು ಹೇಳದೆ ಕೇಳದೆ ಹೊಡೆಯುತ್ತವೆ.